ನನ್ನಲ್ಲಿ ನಂಬಿಕೆಯೇ ಕಡಿಮೆ, ನಾನೇನು ಮಾಡಲಿ?

ಈ ಪ್ರಶ್ನೆಯನ್ನು ನನಗೆ ತುಂಬಾ ಜನ ಕೇಳುತ್ತಾರೆ. ಆರಾಧನೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳುವವರಿದ್ದಾರೆ, ರಾತ್ರಿ ಹೊತ್ತು ಮೆಸೇಜ್ ಹಾಕುವವರೂ ಇದ್ದಾರೆ. "ನಂಬಿಕೆ, ನಿರೀಕ್ಷೆ, ಪ್ರೀತಿ ಅಂತ ಪ್ರಸಂಗದಲ್ಲಿ ಕೇಳ್ತಾನೇ ಇರ್ತೀನಿ. ನನ್ನೊಳಗೆ ನೋಡಿಕೊಂಡ್ರೆ ಮೂರೂ ಕಾಣಲ್ಲ. ಮೊದಲು ನಂಬಿಕೆ ಗಟ್ಟಿಯಾಗ್ಲಿ, ಆಮೇಲೆ ಉಳಿದದ್ದು ತಾನಾಗೇ ಬರುತ್ತೆ, ಅಲ್ವಾ?"

ಕಾಯಬೇಡಿ ಅನ್ನುವುದೇ ನನ್ನ ಉತ್ತರ. ಕೈಗೆ ಸಿಗುವ ಕೆಲಸದಿಂದ ಶುರು ಮಾಡಿ. ಮನಸ್ಸು ನಿಧಾನವಾಗಿ ಹಿಂದೆ ಬಂದರೂ ಪರವಾಗಿಲ್ಲ.

ಇದು ನಾನು ಹೊಸದಾಗಿ ಕಂಡುಕೊಂಡದ್ದಲ್ಲ. ಯೇಸುಸ್ವಾಮಿಯ ಸಂದೇಶ ಸಾರುತ್ತಿದ್ದ ಪೌಲನು ಥೆಸಲೊನೀಕ ಪಟ್ಟಣದ ಕ್ರೈಸ್ತ ಸಭೆಗೆ ಬರೆದ ಮೊದಲ ಪತ್ರ ತೆಗೆದು ನೋಡಿ. ಅದು ಸುಮಾರು ಕ್ರಿ.ಶ. 50ರದ್ದು, ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಅತಿ ಹಳೆಯ ಬರಹಗಳಲ್ಲಿ ಒಂದು. ಶುರುವಿನಲ್ಲೇ ಅವನು ಆ ಜನರ ನಂಬಿಕೆ, ಪ್ರೀತಿ, ನಿರೀಕ್ಷೆಗಳಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತಾನೆ. ಹೇಳುವಾಗ ನಂಬಿಕೆಯ ಜೊತೆ ಕೆಲಸವನ್ನು ಸೇರಿಸುತ್ತಾನೆ, ಪ್ರೀತಿಯ ಜೊತೆ ದುಡಿಮೆಯನ್ನು, ನಿರೀಕ್ಷೆಯ ಜೊತೆ ತಾಳಿಕೊಳ್ಳುವುದನ್ನು. ಅವರು ಹೇಗೆ ಬದುಕುತ್ತಿದ್ದರೋ ಅದರಲ್ಲೇ ಈ ಮೂರೂ ಅವನ ಕಣ್ಣಿಗೆ ಬಿದ್ದಿದ್ದವು.

ಕೃಪೆಯಿಂದಲೇ ರಕ್ಷಣೆ ಅಲ್ವಾ, ಹಾಗಾದರೆ ಕೆಲಸದ ಮಾತು ಯಾಕೆ ಅಂತ ಕೆಲವರು ಕೇಳುತ್ತಾರೆ. ಹೌದು, ಕೃಪೆಯಿಂದಲೇ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದ 8ನೇ ವಚನ ಅದನ್ನೇ ಹೇಳುತ್ತದೆ. ದಯವಿಟ್ಟು ಅಲ್ಲಿಗೇ ನಿಲ್ಲಿಸದೆ 10ನೇ ವಚನದವರೆಗೂ ಓದಿ. ನಾವು ಮಾಡಬೇಕಾದ ಒಳ್ಳೆಯ ಕೆಲಸಗಳನ್ನು ದೇವರು ಮೊದಲೇ ಸಿದ್ಧಮಾಡಿ ಇಟ್ಟಿದ್ದಾನೆ ಅಂತ ಅಲ್ಲಿದೆ.

ನಿರೀಕ್ಷೆ ಅಂದಾಗೆಲ್ಲ ನನಗೆ ನೆನಪಾಗುವುದು ಹಳೆಯ ಒಡಂಬಡಿಕೆಯ ಪ್ರವಾದಿ ಯೆರೆಮೀಯ. ಅವನ ಪುಸ್ತಕದ 32ನೇ ಅಧ್ಯಾಯವನ್ನು ಸಾವಕಾಶವಾಗಿ ಓದಬೇಕು. ಬಾಬೆಲ್ ಸಾಮ್ರಾಜ್ಯದ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಯೆರೆಮೀಯ ಸೆರೆಯಲ್ಲಿದ್ದಾನೆ. ಊರು ಶತ್ರುಗಳ ಕೈಗೆ ಬೀಳುತ್ತದೆ ಅಂತ ಸಾರಿದವನೇ ಅವನು. ಅಂಥ ಹೊತ್ತಿನಲ್ಲಿ ಅವನ ಚಿಕ್ಕಪ್ಪನ ಮಗ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ ಅನ್ನುತ್ತಾನೆ. ಆ ಹೊತ್ತಿನಲ್ಲಿ ಆ ಹೊಲವನ್ನು ಬುದ್ಧಿ ಇರುವ ಯಾರಾದರೂ ಕೊಳ್ಳುತ್ತಾರಾ? ಆದರೆ ಇದು ದೇವರ ಮಾತು ಅಂತ ಯೆರೆಮೀಯನಿಗೆ ಗೊತ್ತಾಗುತ್ತದೆ. 17 ಶೆಕೆಲ್ (ಅಂದಿನ ತೂಕದ ಅಳತೆ) ಬೆಳ್ಳಿ ತೂಗಿ ಕೊಡುತ್ತಾನೆ. ಪತ್ರ ಬರೆಸಿ, ಸಾಕ್ಷಿ ಹಾಕಿಸಿ, ಮುದ್ರೆ ಒತ್ತುತ್ತಾನೆ. ಬಹುಕಾಲ ಉಳಿಯಲಿ ಅಂತ ಆ ಪತ್ರಗಳನ್ನು ಮಣ್ಣಿನ ಪಾತ್ರೆಯಲ್ಲಿ ಇಡಲು ತನ್ನ ಬರಹಗಾರ ಬಾರೂಕನಿಗೆ ಹೇಳುತ್ತಾನೆ.

ನನಗೆ ತುಂಬಾ ಹಿಡಿಸುವುದು ಆಮೇಲಿನದು. ವ್ಯವಹಾರ ಎಲ್ಲ ಮುಗಿದ ಮೇಲೆ ಅವನು ಪ್ರಾರ್ಥನೆಗೆ ಕೂರುತ್ತಾನೆ. ಊರು ಶತ್ರುವಿನ ಪಾಲಾಗುತ್ತಿದೆ, ನೀನು ನೋಡಿದರೆ ಹೊಲ ಕೊಂಡುಕೋ ಅನ್ನುತ್ತೀಯಲ್ಲ ಅಂತ ದೇವರ ಮುಂದೆ ತನ್ನ ಗೊಂದಲ ತೋಡಿಕೊಳ್ಳುತ್ತಾನೆ. ಗೊಂದಲ ಹೋಗಲಿ ಅಂತ ಕಾದಿದ್ದರೆ ಆ ಹೊಲ ಕೊಳ್ಳುತ್ತಲೇ ಇರಲಿಲ್ಲ. ಹಣ ಕೊಟ್ಟಾದ ಮೇಲೂ ಅವನಿಗೆ ಪ್ರಶ್ನೆ ಇತ್ತು. ಹಾಗಾಗಿ ನಿಮ್ಮಲ್ಲೂ ಪ್ರಶ್ನೆಗಳಿದ್ದರೆ ನಿರೀಕ್ಷೆ ಸತ್ತುಹೋಯಿತು ಅಂದುಕೊಳ್ಳಬೇಡಿ.

ಇನ್ನು ಪ್ರೀತಿ. ಕೊರಿಂಥದ ಸಭೆಗೆ ಪೌಲನು ಬರೆದ ಮೊದಲ ಪತ್ರದ 13ನೇ ಅಧ್ಯಾಯವನ್ನು ಮದುವೆಯಲ್ಲಿ ಓದಿ ಓದಿ ಅದು ಬರೀ ಸಿಹಿ ಮಾತು ಅನ್ನುವ ಹಾಗಾಗಿದೆ. ಅವನು ಅದನ್ನು ಬರೆದದ್ದು ಜಗಳವಾಡುತ್ತಿದ್ದ ಸಭೆಗೆ. ನಾನು ಪೌಲನವನು, ನಾನು ಬೋಧಕ ಅಪೊಲ್ಲೋಸನವನು ಅಂತ ಗುಂಪು ಕಟ್ಟಿಕೊಂಡಿದ್ದರು. ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದರು. ಯೇಸುಸ್ವಾಮಿಯ ನೆನಪಿಗೆ ಮಾಡುವ ಕರ್ತನ ಭೋಜನಕ್ಕೆ ಕೂಡಿ ಬಂದಾಗ ಕೆಲವರು ಹೊಟ್ಟೆ ತುಂಬ ತಿಂದು ಕುಡಿಯುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಪ್ರೀತಿ ತಾಳ್ಮೆಯುಳ್ಳದ್ದು, ಹೊಗಳಿಕೊಳ್ಳುವುದಿಲ್ಲ, ತನ್ನ ಲಾಭ ನೋಡುವುದಿಲ್ಲ ಅಂತ ಅವನು ಹೇಳಿದ್ದು ಇಂಥವರಿಗೆ.

ನನಗೆ ಗೊತ್ತಿರುವ ಒಬ್ಬ ಅಕ್ಕ ಇದ್ದಾರೆ. ಅವರ ಅತ್ತೆಗೆ ಮರೆವಿನ ಕಾಯಿಲೆ. "ನೀನು ಯಾರಮ್ಮ?" ಅಂತ ಅತ್ತೆ ಕೇಳುತ್ತಾರೆ. "ನಿಮ್ಮ ಸೊಸೆ ಅತ್ತೆ" ಅನ್ನುತ್ತಾರೆ ಅಕ್ಕ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ನಾನು ಅಲ್ಲಿ ಕೂತಿದ್ದಷ್ಟು ಹೊತ್ತೂ ಅವರ ದನಿ ಒಮ್ಮೆಯೂ ಏರಲಿಲ್ಲ. ಹೊರಗೆ ಬಂದಾಗ ಅವರು ಹೇಳಿದ್ದು: "ಒಂದೊಂದು ದಿನ ಪ್ರೀತಿನೇ ಉಕ್ಕಲ್ಲ. ಆದ್ರೂ ಉತ್ತರ ಕೊಡಬೇಕಲ್ಲ, ಕೊಡ್ತೀನಿ." ಪೌಲನು ಹೇಳಿದ ಪ್ರೀತಿಯ ದುಡಿಮೆ ಇದೇ ಅಂತ ನಾನು ನಂಬುತ್ತೇನೆ.

ಒಂದು ಮಾತು ಸ್ಪಷ್ಟವಾಗಿ ಹೇಳಲೇಬೇಕು. ಪ್ರೀತಿ ಎಲ್ಲವನ್ನೂ ಸಹಿಸಿಕೊಳ್ಳುತ್ತದೆ ಅನ್ನುವ ವಚನ ತೋರಿಸಿ, ಮನೆಯಲ್ಲಿ ಹೊಡೆತ ತಿನ್ನುವವರನ್ನು ಸುಮ್ಮನಿರಿಸುವವರಿದ್ದಾರೆ. ಅದು ತಪ್ಪು. ಅದೇ ಅಧ್ಯಾಯದ 6ನೇ ವಚನದ ಪ್ರಕಾರ ಪ್ರೀತಿ ಅನ್ಯಾಯಕ್ಕೆ ಸಂತೋಷಪಡುವುದಿಲ್ಲ, ಸತ್ಯಕ್ಕೆ ಸಂತೋಷಪಡುತ್ತದೆ. ಹೊಡೆತ ತಿನ್ನುತ್ತಿರುವವರು ಆ ಮನೆಯಿಂದ ಹೊರಬಂದರೆ, ಸಹಾಯ ಕೇಳಿದರೆ, ಪ್ರೀತಿಗೆ ದ್ರೋಹ ಮಾಡಿದ ಹಾಗಲ್ಲ.

ಸರಿ, ನಂಬಿಕೆಯ ಗತಿಯೇನು ಅಂತ ನೀವು ಮತ್ತೆ ಕೇಳಬಹುದು. ಯೇಸುಸ್ವಾಮಿಯ ಬದುಕನ್ನು ಹೇಳುವ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆಯೊಬ್ಬ, ನಂಬುತ್ತೇನೆ, ನನ್ನ ಅಪನಂಬಿಕೆ ಹೋಗುವಂತೆ ಸಹಾಯ ಮಾಡು ಅಂತ ಕೂಗಿಕೊಳ್ಳುತ್ತಾನೆ. ಮೊದಲು ನಿನ್ನ ಅನುಮಾನ ತೀರಿಸಿಕೊಂಡು ಬಾ ಅಂತ ಯೇಸುಸ್ವಾಮಿ ಅವನನ್ನು ವಾಪಸ್ ಕಳಿಸಲಿಲ್ಲ. ಮಗನನ್ನು ಗುಣಪಡಿಸಿದರು. ಆ ತಂದೆಯ ಮಾತನ್ನೇ ನಿಮ್ಮ ಪ್ರಾರ್ಥನೆ ಮಾಡಿಕೊಳ್ಳಿ, ಅದಕ್ಕಿಂತ ಉದ್ದ ಬೇಕಿಲ್ಲ. ಪ್ರಾರ್ಥಿಸಿ ಎದ್ದ ಮೇಲೆ ನಿಮ್ಮಿಂದ ಸಹಾಯ ಬೇಕಿರುವ ಒಬ್ಬರನ್ನು ನೆನೆಸಿಕೊಂಡು, ಅವತ್ತೇ ಏನಾದರೂ ಮಾಡಿ.

ಅಷ್ಟೂ ಆಗದ ದಿನಗಳು ಬರುತ್ತವೆ. ಆಗ ಮಾರ್ಕ 2 ಓದಿ. ಪಾರ್ಶ್ವವಾಯು ಬಡಿದವನನ್ನು ನಾಲ್ಕು ಜನ ಹೊತ್ತು ತಂದರು. ಜನಜಂಗುಳಿಯಲ್ಲಿ ದಾರಿ ಸಿಗದೆ ಮನೆಯ ಚಾವಣಿಯನ್ನೇ ತೆರೆದು ಒಳಗೆ ಇಳಿಸಿದರು. ಯೇಸುಸ್ವಾಮಿ ಅವರ ನಂಬಿಕೆಯನ್ನು ನೋಡಿದರು ಅಂತ ಮಾರ್ಕ ಬರೆಯುತ್ತಾನೆ. ಮಲಗಿದ್ದವನು ಆ ಕಥೆಯಲ್ಲಿ ಬಾಯಿ ಬಿಟ್ಟು ಒಂದು ಮಾತೂ ಆಡುವುದಿಲ್ಲ. ಸಭೆ ಇರುವುದು ಇದಕ್ಕೇ. ಹಾಗಾಗಿ ಯಾರಾದರೂ ಒಬ್ಬರಿಗೆ ಫೋನ್ ಮಾಡಿ, "ನನಗೀಗ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ, ನನ್ನ ಪರವಾಗಿ ನೀವು ಮಾಡಿ" ಅಂತ ಕೇಳಿ. ಹಾಗೆ ಕೇಳಲು ಸಂಕೋಚ ಬೇಡ.