ಕೆಂಪು ಕೆನ್ನೆಗೆ ಎಷ್ಟು ಸ್ಟೀಮ್?

"ಸ್ಟೀಮ್ ಮಾತ್ರ ಚೆನ್ನಾಗಿ ಕೊಡಿ ಮೇಡಂ, ರಂಧ್ರಗಳೆಲ್ಲ ತೆರೆದುಕೊಳ್ಳಲಿ" ಅಂತ ಫೇಶಿಯಲ್ ಮಾಡಿಸಲು ಬಂದ ಕ್ಲೈಂಟ್ ಒಬ್ಬರು ಮೊದಲೇ ಹೇಳಿದರು. ತುಂಬಾ ಜನ ಹೀಗೇ ಅಂದುಕೊಂಡಿರುತ್ತಾರೆ. ಚರ್ಮದ ರಂಧ್ರಗಳಿಗೆ ಬಾಗಿಲು ತೆರೆದು ಮುಚ್ಚುವ ಸ್ನಾಯು ಇಲ್ಲ. ಹಬೆ ಮಾಡುವುದು ಇಷ್ಟೇ: ಒಳಗಿನ ಜಿಡ್ಡನ್ನೂ ಮೇಲಿನ ಸತ್ತ ಪದರವನ್ನೂ ಮೆತ್ತಗೆ ಮಾಡುತ್ತದೆ.

ಮುಖ ತೊಳೆದು ಲೈಟ್ ಹತ್ತಿರ ತಂದು ನೋಡಿದೆ. ಮೂಗಿನ ಪಕ್ಕದಲ್ಲಿ, ಕೆನ್ನೆಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆಗಳು. ಹತ್ತಿಯಲ್ಲಿ ಸುಮ್ನೆ ಒರೆಸಿದ ಜಾಗವೂ ಕೆಂಪಾಯಿತು, ಬೇಗ ಇಳಿಯಲಿಲ್ಲ. ಇಂಥ ಚರ್ಮಕ್ಕೆ ಬಿಸಿ ತಾಗಿದರೆ ರಕ್ತನಾಳಗಳು ಇನ್ನಷ್ಟು ಹಿಗ್ಗುತ್ತವೆ. ರೊಸೇಶಿಯಾ, ಅಂದರೆ ಮುಖ ಪದೇ ಪದೇ ಕೆಂಪಾಗುವ ಚರ್ಮದ ಕಾಯಿಲೆ, ಇರುವವರಿಗಂತೂ ಉರಿ ಕೆರಳುತ್ತದೆ.

ರೆಟಿನಾಲ್ (ವಿಟಮಿನ್ ಎ ಇರುವ ಕ್ರೀಮ್) ಹಚ್ಚುತ್ತೀರಾ, ಇತ್ತೀಚೆಗೆ ಪೀಲ್ (ಚರ್ಮದ ಮೇಲ್ಪದರ ಸುಲಿಯುವ ಚಿಕಿತ್ಸೆ) ಮಾಡಿಸಿದ್ದೀರಾ, ಉಬ್ಬಸ ಇದೆಯಾ, ಮುಖದ ಹತ್ತಿರ ಹಬೆ ಬಂದರೆ ಉಸಿರು ಕಟ್ಟಿದ ಹಾಗಾಗುತ್ತಾ ಅಂತ ಒಂದೊಂದಾಗಿ ಕೇಳಿದೆ. ಯಾವುದೂ ಇರಲಿಲ್ಲ. ಒಂದಕ್ಕೆ ಹೌದು ಅಂದಿದ್ದರೂ ನಾನು ಮಷಿನ್ ಆನ್ ಮಾಡುತ್ತಿರಲಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ತೆಗೆಸಿದೆ.

ಡಿಸ್ಟಿಲ್ಡ್ ವಾಟರ್ ಗುರುತಿನ ತನಕ ಮಾತ್ರ ತುಂಬಿದ್ದೆ. ಜಾಸ್ತಿಯಾದರೆ ಕುದಿನೀರಿನ ಹನಿ ಸಿಡಿಯುತ್ತದೆ. ಸುವಾಸನೆಯ ಎಣ್ಣೆ ಬೇಡವೇ ಬೇಡ. ಹಬೆ ಒಂದೇ ಸಮನಾಗಿ ಬರುವ ತನಕ ನಳಿಗೆಯನ್ನು ಗೋಡೆ ಕಡೆಗೇ ತಿರುಗಿಸಿಟ್ಟಿದ್ದೆ. ಕೆನ್ನೆಗೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಮುಚ್ಚಿದೆ, ಕಣ್ಣಿಗೂ. ಸಾಮಾನ್ಯ ಚರ್ಮಕ್ಕೆ 15ರಿಂದ 18 ಇಂಚು ದೂರ ಇಡುತ್ತೇನೆ. ಇವರಿಗೆ ಎರಡು ಅಡಿ ಇಟ್ಟು, ಮೂರು ನಿಮಿಷಕ್ಕೆ ಟೈಮರ್ ಹಾಕಿದೆ.

"ಸ್ವಲ್ಪ ಹತ್ತಿರ ತರ್ತೀರಾ? ಏನೂ ಗೊತ್ತಾಗ್ತಿಲ್ಲ."

"ಬೇಡ ಮೇಡಂ, ಗೊತ್ತಾಗೋಷ್ಟು ಬಿಸಿ ನಿಮ್ಮ ಮುಖಕ್ಕೆ ಜಾಸ್ತಿ ಆಗುತ್ತೆ."

ಪಕ್ಕದಲ್ಲೇ ನಿಂತಿದ್ದೆ. ಹಬೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಎರಡು ನಿಮಿಷ ದಾಟಿರಬೇಕು, ಹುಬ್ಬುಗಳ ನಡುವೆ ತೆಳುವಾಗಿ ಕೆಂಪು ಏರತೊಡಗಿತು. ಟೈಮರ್ ಹೊಡೆಯಲಿ ಅಂತ ಕಾಯಲಿಲ್ಲ, ಆಫ್ ಮಾಡಿದೆ.

ಮೂಗಿನ ಮೇಲಿನ ಬ್ಲ್ಯಾಕ್‌ಹೆಡ್ ಅಷ್ಟಕ್ಕೇ ಸಲೀಸಾಗಿ ಬಂದವು. ಕೆನ್ನೆ ಮುಟ್ಟಲಿಲ್ಲ, ಸ್ಕ್ರಬ್ ಕೂಡ ಮಾಡಲಿಲ್ಲ. ತಣ್ಣನೆಯ ಹತ್ತಿ ಇಟ್ಟು, ವಾಸನೆಯಿಲ್ಲದ ಕ್ರೀಮ್ ಹಚ್ಚಿದೆ. ಕೆಂಪು ಇಳಿಯುವ ತನಕ ಅವರನ್ನು ಕೂರಿಸಿಕೊಂಡೆ.

ಕೆನ್ನೆಯ ಗೆರೆಗಳನ್ನು ಚರ್ಮದ ಡಾಕ್ಟರಿಗೆ ತೋರಿಸಿ ಅಂದೆ. ಅವರ ಕಾರ್ಡಿನಲ್ಲಿ "ಮುಂದಿನ ಸಲ ಸ್ಟೀಮ್ ಇಲ್ಲ, ಉಗುರುಬೆಚ್ಚಗಿನ ಟವೆಲ್ ಮಾತ್ರ" ಅಂತ ಬರೆದಿಟ್ಟೆ.