ಬೀದರ್ ದಾರಿಯಲ್ಲಿ ಒಂದು ಶಾಂಪೇನ್ ಬಾಟಲಿ

ಕಲಬುರಗಿಯಿಂದ ಬೀದರ್‌ಗೆ ನೂರು ಚಿಲ್ಲರೆ ಕಿಲೋಮೀಟರ್. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು, ಹುಮನಾಬಾದ್‌ನಲ್ಲಿ ಚಹಾ, ಮತ್ತೆಲ್ಲೂ ನಿಲ್ಲಲಿಲ್ಲ. ಕಾರಿನ ಹಿಂದೆ ಐಸ್ ಡಬ್ಬಿಯಲ್ಲಿ ಶಾಂಪೇನ್ ಇತ್ತು.

ಅದು ಗೆಳೆಯನದು. ಕೆಲವು ವರ್ಷದ ಹಿಂದೆ ಶಂಶಾಬಾದ್ ಏರ್‌ಪೋರ್ಟಿನಲ್ಲಿ ಒಂದೇ ಕಂಪನಿಯ, ಒಂದೇ ವರ್ಷದ ಎರಡು ಬಾಟಲಿ ತಂದಿದ್ದ. ಒಂದನ್ನು ಕಲಬುರಗಿಯ ಮನೆಯಲ್ಲಿ ಅಲಮಾರಿ ಮೇಲೆ ಇಟ್ಟಿದ್ದ. ಇನ್ನೊಂದು ಬೀದರ್‌ನಲ್ಲಿ ಅವನ ಅಣ್ಣನ ಹಳೇ ಕಲ್ಲುಮನೆಯ ನೆಲಮಾಳಿಗೆ ಸೇರಿತ್ತು. ಅಣ್ಣ ರಿಟೈರ್ ಆದಾಗ ಎರಡನ್ನೂ ಒಟ್ಟಿಗೆ ತೆಗೆಯೋದು ಅಂತ ಮಾತಾಗಿತ್ತು.

ಊರೊಳಗೆ ಹೋಗುವ ಮೊದಲು ನೌಬಾದ್‌ನ ಕರೇಜ್ ನೋಡಿದೆವು. ಬಹಮನಿ ಕಾಲದಲ್ಲಿ ಕೆಂಪು ಜಂಬಿಟ್ಟಿಗೆ ಕೊರೆದು ಮಾಡಿದ ನೀರಿನ ಸುರಂಗ. ಗಾಳಿ ಬೆಳಕಿಗೆ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಮೇಲೆ ಬಿಸಿಲು ಸುಡುತ್ತಿದ್ದರೂ ಕಿಂಡಿಯ ಅಂಚಿನಲ್ಲಿ ಬಗ್ಗಿದರೆ ಮುಖಕ್ಕೆ ತಣ್ಣಗೆ ತಾಗುತ್ತದೆ. ಫ್ರಾನ್ಸಿನ ರೀಮ್ಸ್‌ನಲ್ಲೂ ಹೀಗೇ ಅನಿಸಿತ್ತು. ಅಲ್ಲಿ ರೋಮನ್ನರ ಕಾಲದ ಸುಣ್ಣಕಲ್ಲಿನ ಗಣಿಗಳೇ ಶಾಂಪೇನಿನ ಉಗ್ರಾಣ. ವರ್ಷವಿಡೀ 10-12 ಡಿಗ್ರಿ. ಬಾಟಲಿಗಳು ಕತ್ತಲಲ್ಲಿ ಯೀಸ್ಟಿನ ಗಸಿಯ ಜೊತೆ ಮಲಗಿರುತ್ತವೆ. ಸಾಮಾನ್ಯ ಶಾಂಪೇನ್ ಉಗ್ರಾಣದಲ್ಲಿ ಕನಿಷ್ಠ 15 ತಿಂಗಳು (ಅದರಲ್ಲಿ ಗಸಿಯ ಜೊತೆ ಕನಿಷ್ಠ 12), ಲೇಬಲ್ ಮೇಲೆ ದ್ರಾಕ್ಷಿ ಬೆಳೆದ ವರ್ಷ ನಮೂದಿಸಿದ್ದು ಕನಿಷ್ಠ 3 ವರ್ಷ ಇರಬೇಕು. ದೊಡ್ಡ ಕಂಪನಿಗಳು ಇನ್ನೂ ಜಾಸ್ತಿ ಇಡುತ್ತವೆ. ಬ್ರೆಡ್ಡಿನ, ಹುರಿದ ಬಾದಾಮಿಯ ಘಮ ಬರೋದು ಆ ಗಸಿಯಿಂದಲೇ.

ಗಸಿ ತೆಗೆದು ಹೊಸ ಬಿರಡೆ ಹಾಕಿದ ಮೇಲೆ ಬೇರೆ ಲೆಕ್ಕ. ಅಲ್ಲಿಂದ ವೈನಿಗೆ ಬೇಗ ಬೇಗ ವಯಸ್ಸಾಗುತ್ತದೆ. ಹಾಗಾಗಿ ಕೊಳ್ಳುವಾಗ ನಾನು ಮೊದಲು ತಿರುಗಿಸಿ ನೋಡೋದು ಹಿಂದಿನ ಲೇಬಲ್. ಗಸಿ ತೆಗೆದ ತಾರೀಕನ್ನು ಕೆಲವರು ಅಲ್ಲಿ ಹಾಕಿರುತ್ತಾರೆ. ಸಣ್ಣ ಅಕ್ಷರದಲ್ಲಿ ‘ಆರ್‌ಎಂ’ ಅಂತಿದ್ದರೆ ದ್ರಾಕ್ಷಿ ಬೆಳೆದ ರೈತನೇ ಮಾಡಿದ್ದು, ‘ಎನ್‌ಎಂ’ ಇದ್ದರೆ ದ್ರಾಕ್ಷಿ ಕೊಂಡೂ ಮಾಡುವ ಕಂಪನಿಯದು. ಹೆಸರಿಗೆ, ಚಿನ್ನದ ಬಣ್ಣದ ಡಬ್ಬಿಗೆ ರೊಕ್ಕ ಸುರಿಯೋದಕ್ಕಿಂತ ಒಳ್ಳೆ ರೈತನ ಬಾಟಲಿ ನನಗೆ ಇಷ್ಟ.

ಸಂಜೆ ಅಂಗಳದಲ್ಲಿ ಚಾಪೆ ಹಾಸಿದರು. ಐಸ್ ಹಾಕಲು ನಾನು ಬಿದರಿ ಹೂದಾನಿ ಕಡೆ ಕೈ ಚಾಚಿದೆ. ‘ಅದಕ್ಕ ನೀರ್ ತಾಗ್ಸಬ್ಯಾಡ್ರಿ!’ ಅಂತ ಅಣ್ಣನ ಹೆಂಡತಿ ಸ್ಟೀಲ್ ಬಕೆಟ್ ತಂದಿಟ್ಟರು. ಪಕ್ಕದಲ್ಲಿ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ. ಉಪ್ಪು, ಎಣ್ಣೆ ಇರುವ ತಿಂಡಿಗೆ ಶಾಂಪೇನ್ ಚೆನ್ನಾಗಿ ಹೊಂದುತ್ತದೆ. ಖಾರ ಮಾತ್ರ ಕಡಿಮೆ ಇರಬೇಕು, ಅದು ನಮ್ಮ ಕಡೆ ಆಗದ ಮಾತು.

ಕಲಬುರಗಿ ಬಾಟಲಿಯ ಬಿರಡೆ ಸದ್ದಿಲ್ಲದೆ ಬಂತು. ಒಳಗೆ ಕಂದು ಬಣ್ಣ, ಗುಳ್ಳೆ ನಾಲ್ಕೋ ಐದೋ, ಕೊಳೆತ ಸೇಬಿನ ವಾಸನೆ. 42 ಡಿಗ್ರಿಯ ಬೇಸಿಗೆಗಳನ್ನು ಅಲಮಾರಿ ಮೇಲೆ ಕಳೆದದ್ದು ಅಲ್ವಾ! ನೆಲಮಾಳಿಗೆಯದು ಬಂಗಾರದ ಬಣ್ಣ, ಸಣ್ಣ ಗುಳ್ಳೆ ಒಂದೇ ಸಮ ಏಳುತ್ತಿತ್ತು. ಮೊದಲು ನಿಂಬೆಯ ಹುಳಿ, ಆಮೇಲೆ ಜೇನಿನ ಘಮ. ಅದೂ ಇನ್ನೆರಡು ಬೇಸಿಗೆ ತಡೆಯುತ್ತಿರಲಿಲ್ಲ ಅನಿಸಿತು. ರೀಮ್ಸ್‌ನಲ್ಲೇ ವಯಸ್ಸಾದ ಬಾಟಲಿ ಕೊಂಡು ಬೇಗ ಕುಡಿಯೋದೇ ನಮ್ಮ ಹವೆಗೆ ಸರಿ.

‘ಇದಕ್ಕ ಇಷ್ಟ್ ರೊಕ್ಕ ಯಾಕ್ರಿ?’ ಅಂತ ಅಣ್ಣ ಕೇಳಿದರು. ಫ್ರಾನ್ಸಿನಲ್ಲಿ 40-50 ಯೂರೋಗೆ ಸಿಗುವ ಸಾಮಾನ್ಯ ಬಾಟಲಿ ಇಲ್ಲಿನ ಅಂಗಡಿಗೆ ಬರುವಷ್ಟರಲ್ಲಿ ಎಷ್ಟೋ ಪಟ್ಟು ಆಗುತ್ತದೆ. ಆಮದು ವೈನಿಗೆ ವರ್ಷಗಟ್ಟಲೆ ಶೇ 150 ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ. ವಿದೇಶದಿಂದ ಬರುವಾಗ 2 ಲೀಟರ್ ಮದ್ಯ ಸುಂಕವಿಲ್ಲದೆ ತರಬಹುದು. ಗೆಳೆಯ ಆಗಲೇ ಬೆರಳೆಣಿಸುತ್ತಿದ್ದ: ಮುಕ್ಕಾಲು ಲೀಟರಿನವು ಎರಡೋ, ಒಂದೂವರೆ ಲೀಟರಿನ ಮ್ಯಾಗ್ನಂ ಒಂದೋ? ಮ್ಯಾಗ್ನಂ ನಿಧಾನಕ್ಕೆ ಹಣ್ಣಾಗುತ್ತದೆ ಅಂದೆ. ‘ನೆಲಮಾಳಿಗಿ ನಂದೈತಿ, ಮ್ಯಾಗ್ನಂ ತಾ’ ಅಂದರು ಅಣ್ಣ.