ಬ್ಯಾಡಗಿ ಮೆಣಸಿನಕಾಯಿ ಅಳತೆ: ತಳಿಗೆ ಒಂದು ಲೆಕ್ಕ, ಹೊಲಕ್ಕೆ ಇನ್ನೊಂದು

ಹಾವೇರಿ ಜಿಲ್ಲೆಯ ಹೊಲಗಳಿಂದ ತಂದ ಒಣ ಮೆಣಸಿನಕಾಯಿಗಳ ಉದ್ದವನ್ನು ಅಳೆದು ದಾಖಲಿಸುವ ಕೆಲಸ ಮುಗಿದಿದ್ದು, ಈಗ ಲೆಕ್ಕಾಚಾರ ನಡೆದಿದೆ. ಪ್ರತಿ ಕಾಯಿಯ ಮುಂದೆ ಅದರ ಉದ್ದ, ತಳಿ, ಹೊಲದ ಗುರುತು, ಆ ಹೊಲ ನೀರಾವರಿಯದೋ ಮಳೆಯಾಶ್ರಿತವೋ ಎಂಬ ವಿವರಗಳಿವೆ.

ತಳಿಯನ್ನು ಸ್ಥಿರ ಪರಿಣಾಮವಾಗಿ, ಅಂದರೆ ಪ್ರತಿಯೊಂದರ ಪ್ರಭಾವವನ್ನೂ ನೇರವಾಗಿ ಅಂದಾಜಿಸುವ ಅಂಶವಾಗಿ ಇಟ್ಟಿದ್ದೇನೆ. ಡಬ್ಬಿ ಗಿಡ್ಡಗೆ ದುಂಡಗಿರುತ್ತದೆ, ಕಡ್ಡಿ ಉದ್ದಕ್ಕೆ ತೆಳ್ಳಗಿರುತ್ತದೆ ಎಂಬುದು ಬ್ಯಾಡಗಿ ಮಾರುಕಟ್ಟೆಯನ್ನು ಕಂಡವರಿಗೆಲ್ಲ ಗೊತ್ತು. ನನಗೆ ಬೇಕಾದದ್ದು ಈ ಎರಡೇ ತಳಿಗಳ ನಡುವಿನ ಅಂತರದ ಅಂದಾಜು. ಹೊಲಗಳ ವಿಷಯ ಹಾಗಲ್ಲ. ಅವು ಜಿಲ್ಲೆಯ ಅಸಂಖ್ಯ ಹೊಲಗಳಲ್ಲಿ ಕೆಲವು ಮಾತ್ರ. ಇಂಥ ಹೊಲದಲ್ಲಿ ಇಷ್ಟು ಎನ್ನುವುದಕ್ಕಿಂತ ಹೊಲದಿಂದ ಹೊಲಕ್ಕೆ ಉದ್ದ ಎಷ್ಟು ಏರುಪೇರಾಗುತ್ತದೆ ಎಂಬುದೇ ನನ್ನ ಪ್ರಶ್ನೆ. ಆದ್ದರಿಂದ ಹೊಲವನ್ನು ಯಾದೃಚ್ಛಿಕ ಪರಿಣಾಮವೆಂದು ಹಿಡಿದು, ಹೊಲಗಳ ಏರಿಳಿತಗಳೆಲ್ಲ ಸೊನ್ನೆ ಸರಾಸರಿಯ ಒಂದೇ ನಾರ್ಮಲ್ (ಗಂಟೆಯಾಕಾರದ) ಹಂಚಿಕೆಗೆ ಸೇರಿದವು ಎಂದು ಭಾವಿಸಿ, ಆ ಹಂಚಿಕೆಯ ವೇರಿಯೆನ್ಸನ್ನು, ಅಂದರೆ ಅದರ ಹರವಿನ ಅಳತೆಯನ್ನು, ಅಂದಾಜಿಸುತ್ತಿದ್ದೇನೆ. ಈ ಎರಡು ಬಗೆಯ ಮಾದರಿಗಳನ್ನು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಚರ್ಚಿಲ್ ಐಸೆನ್‌ಹಾರ್ಟ್ 1947ರಲ್ಲೇ ಸ್ಪಷ್ಟವಾಗಿ ಬೇರ್ಪಡಿಸಿದ್ದರು. ಕೆಲವೇ ಕಾಯಿಗಳು ಸಿಕ್ಕ ಹೊಲದ ಅಂದಾಜು ಒಟ್ಟು ಸರಾಸರಿಯ ಕಡೆಗೆ ಹೆಚ್ಚು ಸರಿಯುವುದು ಈ ವಿಧಾನದ ದೊಡ್ಡ ಗುಣ. ನಾಲ್ಕಾರು ಕಾಯಿಗಳನ್ನು ನಂಬಿ ಒಂದು ಹೊಲವನ್ನು ಹೊಗಳುವುದು ನ್ಯಾಯವಲ್ಲ.

ನಿಜವಾದ ತೊಡಕಿರುವುದು ನೀರಾವರಿಯಲ್ಲಿ. ಒಂದು ಹೊಲ ಪೂರ್ತಿ ನೀರಾವರಿಯದ್ದಾಗಿರುತ್ತದೆ, ಇಲ್ಲವೇ ಪೂರ್ತಿ ಮಳೆಯಾಶ್ರಿತವಾಗಿರುತ್ತದೆ. ಪ್ರತಿ ಹೊಲಕ್ಕೂ ಒಂದೊಂದು ಸ್ಥಿರ ಪರಿಣಾಮ ಕೊಟ್ಟರೆ ನೀರಾವರಿಯ ವ್ಯತ್ಯಾಸವೆಲ್ಲ ಅದರಲ್ಲೇ ಕರಗಿಹೋಗಿ, ಅದನ್ನು ಪ್ರತ್ಯೇಕವಾಗಿ ಅಂದಾಜಿಸಲು ದಾರಿಯೇ ಉಳಿಯುವುದಿಲ್ಲ. ಹೊಲದ ಗುರುತನ್ನೇ ಕೈಬಿಟ್ಟರೆ, ಒಂದೇ ಹೊಲದ ಕಾಯಿಗಳು ಪರಸ್ಪರ ಹೋಲುತ್ತವೆ ಎಂಬುದನ್ನು ಮರೆತು, ನೀರಾವರಿಯ ಅಂದಾಜಿಗೆ ಇಲ್ಲದ ಖಚಿತತೆಯನ್ನು ಕೊಟ್ಟಂತಾಗುತ್ತದೆ. ಯಾದೃಚ್ಛಿಕ ಪರಿಣಾಮ ಈ ಎರಡೂ ತೊಂದರೆಗಳನ್ನು ತಪ್ಪಿಸುತ್ತದೆಯಾದರೂ ಅದಕ್ಕೊಂದು ಬೆಲೆಯಿದೆ: ಹೊಲಗಳ ಏರಿಳಿತಕ್ಕೂ ನೀರಾವರಿಗೂ ಸಂಬಂಧವಿಲ್ಲ ಎಂದು ಒಪ್ಪಿಕೊಳ್ಳಬೇಕು. ನೀರಿರುವ ರೈತರು ಗೊಬ್ಬರವನ್ನೂ ಹೆಚ್ಚು ಹಾಕುತ್ತಿದ್ದರೆ, ಗೊಬ್ಬರದ ಫಲವೂ ನೀರಿನ ಖಾತೆಗೇ ಜಮೆಯಾಗುತ್ತದೆ. ಈ ಅಪಾಯ ಪಠ್ಯಗಳಲ್ಲಿ ಒಂದು ಸಾಲಿನಲ್ಲಿ ಮುಗಿದರೂ ನನಗೆ ಇಡೀ ಲೆಕ್ಕದ ತಿರುಳೆನಿಸುತ್ತದೆ.

ಹಾಗಾಗಿ ಈಗಿನ ನೀರಾವರಿಯ ಅಂಕಿಯನ್ನು ಸದ್ಯಕ್ಕೆ ಯಾರಿಗೂ ಹೇಳುತ್ತಿಲ್ಲ. ಮುಂದಿನ ಹಂತದಲ್ಲಿ ಪ್ರತಿ ಹೊಲದ ಭೂಮಿ ಎರೆಯೋ ಮಸಾರಿಯೋ, ಎಕರೆಗೆ ಎಷ್ಟು ಗೊಬ್ಬರ ಬಿದ್ದಿದೆ ಎಂಬುದನ್ನು ರೈತರಿಂದ ಕೇಳಿ ಬರೆದುಕೊಂಡು, ಅವನ್ನೂ ಸ್ಥಿರ ಪರಿಣಾಮಗಳಾಗಿ ಸೇರಿಸಿ, ಹೊಲಗಳ ವೇರಿಯೆನ್ಸ್ ಎಷ್ಟು ಇಳಿಯುತ್ತದೆಂದು ನೋಡಲಿದ್ದೇನೆ.